ನೀರು ಕಾಣದ ಬಟ್ಟೆಗೆ ಕತ್ತರಿ ಬೇಡ



ಕಳೆದ ವರ್ಷ ಕುಣಿಗಲ್‌ನಲ್ಲಿ ನನ್ನ ತಂಗಿಯ ಹೊಸ ಮನೆಗೆ ಲಿನನ್ ಪರದೆ ಹಾಕಿಸಿದೆವು. ಬಟ್ಟೆ ಕೊಂಡದ್ದು ತುಮಕೂರಿನಲ್ಲಿ. ಹೊಲಿಯಲು ಕೊಟ್ಟದ್ದು ಗುಬ್ಬಿಯಲ್ಲಿ ಹೊಲಿಗೆಯಿಂದಲೇ ಮಕ್ಕಳನ್ನು ಓದಿಸುತ್ತಿರುವ ಒಬ್ಬ ಸಹೋದರಿಗೆ. "ಆಪಾ, ಬಟ್ಟೆ ನೀರಿಗೆ ಹಾಕಿ ತಂದಿದ್ದೀರಾ?" ಎಂದು ಅವರು ಕೇಳಿದರು. ಹಬ್ಬ ಹತ್ತಿರವಿತ್ತು. "ಪರವಾಗಿಲ್ಲಮ್ಮ, ಹಾಗೇ ಹೊಲಿ" ಎಂದುಬಿಟ್ಟೆ.

ಮೊದಲ ಒಗೆತಕ್ಕೇ ಪರದೆ ಮೂರು ಇಂಚು ಮೇಲೇರಿತು. ಕೋಣೆಯ ಒಳಭಾಗ ಬೀದಿಗೆ ಕಾಣತೊಡಗಿತು. ಸಿಟ್ಟಿಗೆದ್ದ ತಂಗಿ ಉಳಿದ ಕೂಲಿಯನ್ನು ತಡೆಹಿಡಿದಳು. ನಾನೂ ಸುಮ್ಮನಿದ್ದೆ.

ಲಿನನ್ ಅಗಸೆ ಗಿಡದ ಕಾಂಡದ ನಾರು. ಉತ್ತರ ಕರ್ನಾಟಕದವರು ಚಟ್ನಿಪುಡಿಗೆ ಬಳಸುವುದು ಇದೇ ಗಿಡದ ಬೀಜವನ್ನು. ಫ್ರಾನ್ಸ್, ಬೆಲ್ಜಿಯಂಗಳಲ್ಲಿ ಇದನ್ನು ನಾರಿಗಾಗಿಯೇ ಬೆಳೆಯುತ್ತಾರೆ. ನೇಯುವಾಗ ನೂಲನ್ನು ಬಿಗಿಯಾಗಿ ಎಳೆದಿರುತ್ತಾರೆ. ನೀರು ತಾಗಿದೊಡನೆ ಆ ಬಿಗಿ ಸಡಿಲವಾಗಿ ಬಟ್ಟೆ ಕುಗ್ಗುತ್ತದೆ. ಆದ್ದರಿಂದ ಪರದೆಯಿರಲಿ, ಸೋಫಾ ಕವರ್ ಇರಲಿ, ಮುಂದೆ ಹೇಗೆ ಒಗೆಯುತ್ತೀರೋ ಹಾಗೆಯೇ ಒಮ್ಮೆ ಒಗೆದು, ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಕತ್ತರಿ ಹಾಕಿಸಿ.

ಲೆಕ್ಕ ಸುಲಭ. ಪರದೆಯ ಉದ್ದ 60 ಇಂಚು ಬೇಕಿದ್ದರೆ ಮೇಲಿನ ಮಡಿಕೆಗೆ 4, ಕೆಳಗೆ ಮೂರು ಮೂರರಂತೆ ಎರಡು ಸಲ ಮಡಿಸಲು 6, ಕುಗ್ಗುವುದಕ್ಕೆ 4. ಒಟ್ಟು 74 ಇಂಚು ಕೊಳ್ಳಿ. ಚೆನ್ನಾಗಿ ನೆರಿಗೆ ಬೀಳಬೇಕಾದರೆ ಅಗಲ ಕಂಬಿಯ ಒಂದೂವರೆಯಿಂದ ಎರಡು ಪಟ್ಟು ಇರಲಿ. ಬಿಸಿಲು ಬೀಳುವ ಕಿಟಕಿಯಾದರೆ ಹಿಂದೆ ತೆಳು ಹತ್ತಿ ಬಟ್ಟೆಯ ಅಸ್ತರು ಕೊಡಿಸಿ. ಬಿಸಿಲು ಬಣ್ಣವನ್ನಷ್ಟೇ ಅಲ್ಲ, ನಾರನ್ನೂ ತಿನ್ನುತ್ತದೆ.

ಇನ್ನು ಆರೈಕೆ. ವಾರಕ್ಕೊಮ್ಮೆ ಧೂಳು ಕೊಡವಿದರೆ ಪದೇ ಪದೇ ಒಗೆಯಬೇಕಿಲ್ಲ. ಒಗೆಯುವಾಗ ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು ಸಾಕು. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಬಾರ್ ಸೋಪಿನ ಜಿಡ್ಡು ಬಟ್ಟೆಗೆ ಅಂಟಿ ಮಂಕಾಗುತ್ತದೆ. ಸೌಮ್ಯವಾದ ದ್ರವ ಡಿಟರ್ಜೆಂಟ್ ಒಳ್ಳೆಯದು. ಬ್ಲೀಚಿಂಗ್ ಪೌಡರ್ ಬೇಡವೇ ಬೇಡ. ಹಿಂಡದೆ ನೀರು ಸೋರಲು ಬಿಟ್ಟು, ನೆರಳಿನಲ್ಲಿ ಒಣಗಿಸಿ. ಸ್ವಲ್ಪ ಪಸೆ ಇರುವಾಗಲೇ ಒಳಮಗ್ಗುಲಿನಿಂದ ಇಸ್ತ್ರಿ ಮಾಡಿ. ಪೂರ್ತಿ ಒಣಗಿದರೆ ಸುಕ್ಕು ಬೇಗ ಹೋಗುವುದಿಲ್ಲ.

ಕೂಲಿಯ ವಿಷಯಕ್ಕೆ ಬರುತ್ತೇನೆ. ದುಡಿದವರ ಕೂಲಿ ತಡೆಯಬಾರದೆಂದು ಮಕ್ಕಳಿಗೆ ಪಾಠ ಹೇಳುವವಳು ನಾನು. ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ತಂಗಿಯನ್ನು ಕರೆದುಕೊಂಡು ಗುಬ್ಬಿಗೆ ಹೋದೆ. ಬಾಕಿ ಕೊಟ್ಟು, "ತಪ್ಪು ನನ್ನದಮ್ಮ, ನೀನು ಕೇಳಿದ್ದೆ" ಎಂದೆ. ಅವರು ಏನೂ ಹೇಳದೆ ಪರದೆಯ ಕೆಳಮಡಿಕೆ ಬಿಚ್ಚತೊಡಗಿದರು. ಹೀಗಾಗಬಹುದೆಂದು ಮೊದಲೇ ಅಗಲವಾಗಿ ಬಟ್ಟೆ ಬಿಟ್ಟಿದ್ದರಂತೆ! ಮೂರು ಇಂಚು ಇಳಿಸಿ ಹೊಲಿದುಕೊಟ್ಟರು. ಈ ಹೊಲಿಗೆಯ ಕೂಲಿಯನ್ನು ತಂಗಿ ಅಲ್ಲಿಯೇ ಎಣಿಸಿ ಕೊಟ್ಟಳು.

ಹೊಲಿಯುವವರು ಕೇಳುವ ಪ್ರಶ್ನೆಗೆ ಕಿವಿಗೊಡಿ. ಬಟ್ಟೆಯ ಗುಣ ನಮಗಿಂತ ಅವರಿಗೆ ಗೊತ್ತು.