ಕರೆಯದ ಸಭೆಗೆ ಬರಲಿಲ್ಲವೆಂಬ ದೂರು

ಬೆಂಗಳೂರಿನ ಯೋಜನೆಗಳನ್ನು ತಜ್ಞರಿಗೇ ಬಿಡಬೇಕು, ನಿವಾಸಿಗಳು ಮನೆಮುಂದಿನ ಚರಂಡಿಯಾಚೆಗೆ ಯೋಚಿಸುವುದಿಲ್ಲ ಎಂದು ಕಳೆದ ವಾರದ ಲೇಖನ ತೀರ್ಪು ಕೊಟ್ಟಿದೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿ.ಮೀ. ಉಕ್ಕಿನ ಮೇಲ್ಸೇತುವೆ ಹೊರಟಿತ್ತಲ್ಲ, ಅದೂ ಎಂಜಿನಿಯರರ ಮೇಜಿನಿಂದಲೇ ಬಂದದ್ದು. 800ಕ್ಕೂ ಹೆಚ್ಚು ಮರಗಳು ಉರುಳಬೇಕಿತ್ತು. 2016ರ ಅಕ್ಟೋಬರ್ 16ರಂದು ಸಾವಿರಾರು ಜನ ‘ಬೇಡ’ ಎಂದು ಕೈಕೈ ಹಿಡಿದು ನಿಂತರು. 2017ರ ಮಾರ್ಚ್‌ನಲ್ಲಿ ಸರ್ಕಾರವೇ ಅದನ್ನು ಕೈಬಿಟ್ಟಿತು. ಅವರೆಲ್ಲರ ಮನೆ ಆ ರಸ್ತೆಯಲ್ಲೇ ಇತ್ತೇ?

ಚರಂಡಿಯ ಮಾತೂ ಅಷ್ಟು ಹಗುರವಲ್ಲ. ಹಳೆಯ ಡಾಂಬರು ಕೆರೆಯದೆ ಮೇಲೊಂದು ಪದರ ಎಳೆದರೆ ರಸ್ತೆಯ ಮಟ್ಟ ಏರುತ್ತದೆ. ಮುಂದಿನ ಮಳೆಗೆ ನೀರು ಯಾವ ಮನೆಯ ಹೊಸ್ತಿಲು ದಾಟುತ್ತದೆಂದು ಮೂಲೆ ಅಂಗಡಿಯವನು ಬೆರಳು ಮಾಡಿ ತೋರಿಸಬಲ್ಲ. ನಕ್ಷೆಯಲ್ಲಿ ಅದು ಇರುವುದಿಲ್ಲ.

ಜನ ವಾರ್ಡ್ ಸಭೆಗೆ ಬರುವುದಿಲ್ಲವಂತೆ. 3 ಲಕ್ಷ ಜನಸಂಖ್ಯೆ ದಾಟಿದ ನಗರಗಳಿಗೆ ವಾರ್ಡ್ ಸಮಿತಿ ಬೇಕೆಂದು ಸಂವಿಧಾನದ 74ನೇ ತಿದ್ದುಪಡಿ 1993ರಲ್ಲೇ ಹೇಳಿದೆ. ಬಿಬಿಎಂಪಿಯ ಕೊನೆಯ ಚುನಾಯಿತ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಕಾರ್ಪೊರೇಟರೇ ಇಲ್ಲದ ವಾರ್ಡಿನಲ್ಲಿ ಪ್ರಶ್ನೆ ಕೇಳಿದರೆ ‘ಮೇಲಿನವರಿಗೆ ತಿಳಿಸುತ್ತೇವೆ’ ಎಂಬ ಉತ್ತರ. ಅದಕ್ಕೆ ಶನಿವಾರದ ಬೆಳಿಗ್ಗೆ ಹಾಳುಮಾಡಿಕೊಳ್ಳದವರನ್ನು ಸೋಮಾರಿಗಳೆನ್ನಲು ನನಗಂತೂ ನಾಲಗೆ ಬಾರದು.

ಬಾಡಿಗೆದಾರರು, ಬೀದಿಬದಿ ವ್ಯಾಪಾರಿಗಳು ಇಂಥ ಸಭೆಗಳಲ್ಲಿ ಕಾಣುವುದಿಲ್ಲ ಎಂಬ ಲೇಖಕರ ಮಾತು ಮಾತ್ರ ನಿಜ. ಹಾಗಿದ್ದರೆ ಅವರನ್ನೂ ಕರೆಯಿರಿ ಅನ್ನಬೇಕಿತ್ತು. ಇವರು ಬಂದವರನ್ನೂ ಎಬ್ಬಿಸಿ ಕಳಿಸಿ ಅನ್ನುತ್ತಿದ್ದಾರೆ.