ಅಂಗಳದ ಹೂವು ತಾಟಿಗೂ ಬರಲಿ

ಅಕ್ಕೋಳ, ನಿಪ್ಪಾಣಿ ಕಡೆ ಹೊಸ ಮನಿ ಕಟ್ಟಿದವರು ನರ್ಸರಿಯಿಂದ ಕ್ರೋಟನ್, ಕಾಗದದ ಹೂವಿನ ಗಿಡ ತಂದು ಹಚ್ಚತಾರ. ಚಂದ ಕಾಣತಾವ, ಬ್ಯಾಡ ಅನ್ನಂಗಿಲ್ಲ. ಆದ್ರ ರೈತನ ಅಂಗಳದಾಗ ಪಲ್ಲೆ ಕೊಡೋ ಹೂವಿನ ಗಿಡ ಒಂದರ ಇರಬೇಕು ಅಂತ ನನ್ನ ವಾದ. ಅದು ಚೊಗಚಿ. ಮರಾಠಿಯೊಳಗ ಹದಗಾ. ಪುಸ್ತಕದಾಗ ಅಗಸೆ ಅಂತ ಬರೀತಾರ. ಚಟ್ನಿ ಮಾಡೋ ಅಗಸಿ ಬ್ಯಾರೆ, ಇದು ಮರ.

ಯಾಕ ಹೇಳತೇನಂದ್ರ, ಮೊದಲು ಜ್ವಾಳ, ಶೇಂಗಾದ ಜೋಡಿ ಅಕ್ಕಡಿ ಸಾಲಿನ್ಯಾಗ ಪುಂಡಿ, ಅವರಿ ಬರತಿದ್ವು. ಈಗ ಕಬ್ಬು ಬದುವಿನ ತನಕ ಬಂದೈತಿ. ಬದುವಿನ ಮ್ಯಾಲೆ ತಾನಾಗಿ ಹುಟ್ಟೋ ಸೊಪ್ಪಿಗೂ 2,4-ಡಿ ಬೀಳತೈತಿ. ಎಕರೆಗಟ್ಟಲೆ ನೀರಾವರಿ ಇದ್ದವರೂ ಸಂತಿಗೆ ಹೋಗಿ ಪಲ್ಲೆ ಕೊಳ್ಳೋದು ನನಗ ಸರಿ ಕಾಣಂಗಿಲ್ಲ.

ಚೊಗಚಿ ನಮಗ ಹೊಸದಲ್ಲ. ಎಲೆತೋಟದಾಗ ಬಳ್ಳಿ ಹಬ್ಬಸಾಕ ಇದನ್ನ ಹಚ್ಚತಿದ್ರು. ತಮಿಳುನಾಡಿನ್ಯಾಗ ಏಕಾದಶಿ ಉಪವಾಸದ ಮರುದಿನ ಇದರ ಸೊಪ್ಪು ಉಣ್ಣತಾರ. ಥಾಯ್ಲೆಂಡಿನವರು ಹೂವನ್ನ ಹುಳಿ ಸಾರಿಗೆ ಹಾಕತಾರ. ನಮ್ಮಲ್ಲಿ ಹೂವಿನ ನಡುವಿನ ಕಹಿ ಕಡ್ಡಿ ಕಿತ್ತು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ನೆನಸಿದ ಹೆಸರಬ್ಯಾಳಿ ಹಾಕಿ ಬಾಡಿಸಿದ್ರ ರೊಟ್ಟಿಗೆ ಪಲ್ಲೆ ಆತು. ಉಣ್ಣಾಕ ಬಿಳಿ ಹೂವು ಚಲೋ. ಕೆಂಪು ನೋಡಾಕ ಚಂದ, ಕಹಿ ಜಾಸ್ತಿ. ಸೊಪ್ಪು ಆಡು, ಎಮ್ಮಿ ತಿಂತಾವ. ಬೇರಿನ ಗಂಟು ಗಾಳಿಯಿಂದ ಸಾರಜನಕ ಹಿಡೀತಾವ.

"ಕಬ್ಬಿಗೆ ನೆರಳಾಗತೈತಿ" ಅಂತ ಕೆಲವರು ಅಂತಾರ. ಸಣ್ಣ ಎಲೆ, ತೆಳು ನೆರಳು. ಅದೂ ಬ್ಯಾಡಂದ್ರ ಮನಿ ಮುಂದ ಎರಡು ಗಿಡ ಸಾಕು. ಖರೇ ಕೊರತೆ ಬ್ಯಾರೆ ಅದಾವ: ಟೊಂಗಿ ಮೆದು, ಜೋರು ಗಾಳಿಗೆ ಮುರೀತಾವ. ಮಾವು, ಹುಣಸಿ ಹಂಗ ತಲೆಮಾರಿನ ಮರ ಅಲ್ಲ, ಕೆಲವೇ ವರ್ಷದ ಬಾಳು. ಅದಕ್ಕ ವರ್ಷಕ್ಕೊಂದು ಬೀಜ ಊರತಾ ಇರಬೇಕು.

ಬೀಜ ಮಳಿಗಾಲದ ಸುರುವಿಗೆ ಊರ್ರಿ. ಆಳೆತ್ತರ ದಾಟಿದ ಮ್ಯಾಲೆ ತುದಿ ಚಿವುಟ್ರಿ, ಹೂವು ಕೈಗೆ ಸಿಗತೈತಿ. ಸೊಪ್ಪು ಒಮ್ಮೆಲೆ ಬೋಳಿಸಬ್ಯಾಡ್ರಿ, ಗಿಡ ಸಾಯತೈತಿ. ಔಷಧ ಹೊಡಿಯೋ ಕಬ್ಬಿನ ಹತ್ತಿರ ಇದ್ರ ಆ ಹೂವು ಉಣ್ಣಬ್ಯಾಡ್ರಿ.

ನಿಮ್ಮೂರಾಗ ಹಳೇ ಎಲೆತೋಟದ ಬದುವಿನ್ಯಾಗ ಬಿಳಿ ಚೊಗಚಿ ಉಳದಿದ್ರ ಕಡಿಯೋಕಿಂತ ಮೊದಲು ಬೀಜ ತಗದು ಇಡ್ರಿ. ನಾಕು ಮಂದಿಗೆ ಹಂಚ್ರಿ.