ಸುಂಕದವನ ಮುಂದೆ ಸುಖದುಃಖ

ಕಳೆದ ಸಂಚಿಕೆಯಲ್ಲಿ ನಮ್ಮ ಮನೆಯ ಹಳೆಯ ಟ್ರಂಕಿನ ಪುರಾಣವನ್ನು ಓದುಗರ ಮುಂದೆ ಬಿಚ್ಚಿದ್ದೆ. ಸಂಘದ ಯುಗಾದಿ ಊಟದ ದಿನ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಟ್ರಂಕಿನ ಕಥೆ ಚೆನ್ನಾಗಿತ್ತು. ಆದರೆ ನಮ್ಮ ಮಗ ದುಬೈಯಲ್ಲಿದ್ದಾನೆ. ಅವನ ಪತ್ರ ಬರುತ್ತದೆ, ಚಿತ್ರ ಬರುತ್ತದೆ, ಮಾತು ಮಾತ್ರ ಬರುವುದಿಲ್ಲ. ಅದೇಕೆಂದು ಬರೆಯಿರಿ" ಎಂದರು. ನಾನು ಸರ್ಕಾರಿ ಕಚೇರಿಯ ಗುಮಾಸ್ತ. ಬಂದ ಅರ್ಜಿಗೆ ಉತ್ತರ ಬರೆಯುವುದು ನನ್ನ ಕಸುಬು; ತಡವಾಗಿ ಬರೆಯುವುದು ಅದರ ಸಂಪ್ರದಾಯ. ಈ ಸಲದ ಬರಹವನ್ನು ಅವರ ಅರ್ಜಿಗೆ ಉತ್ತರವೆಂದು ತಿಳಿಯಬೇಕು.

ಹಾಗೆ ನೋಡಿದರೆ ಈ ಅರ್ಜಿ ನನ್ನ ಮನೆಯದೂ ಹೌದು. ನನ್ನ ಅಕ್ಕ ಶಾರ್ಜಾದಲ್ಲಿದ್ದಾಳೆ. ಭಾವನವರು ಅಲ್ಲಿಯ ಒಂದು ಕಂಪನಿಯಲ್ಲಿ ಲೆಕ್ಕ ಬರೆಯುತ್ತಾರೆ. ಹೋದ ವರ್ಷ ಮೇ ತಿಂಗಳಲ್ಲಿ ನಾಗಪುರದ ಬಿಸಿಲು ಅವ್ವನನ್ನು ಹಾಸಿಗೆ ಹಿಡಿಸಿತು. ಐದು ದಿನ ಆಸ್ಪತ್ರೆ. ಅಕ್ಕನಿಗೆ ರಜೆ ಸಿಗಲಿಲ್ಲ. ಅವ್ವನ ಮುಖವನ್ನಾದರೂ ನೋಡೋಣವೆಂದು ಅಂತರಜಾಲದ ಮೂಲಕ ಕರೆ ಮಾಡುವಳು. ನನ್ನ ಫೋನು ಬಾರಿಸುವುದು, ನಾನು ಎತ್ತುವುದು, ಆಮೇಲೆ ಬಾವಿಯೊಳಗೆ ಕಿವಿಯಿಟ್ಟಂತೆ ಮೌನ. ಸಾಮಾನ್ಯ ಐ.ಎಸ್.ಡಿ. ಕರೆಯನ್ನೂ ಮಾಡಿದಳು. ಆದರೆ ಅದರಲ್ಲಿ ಮುಖವಿಲ್ಲ. ನಿಮಿಷ ನಿಮಿಷಕ್ಕೂ ಲೆಕ್ಕ.

ಕೊನೆಗೆ ತನ್ನ ಮಾತನ್ನು ಧ್ವನಿಸಂದೇಶವಾಗಿ ತುಂಬಿ ಕಳಿಸಿದಳು. ಅದು ಯಾವ ತಡೆಯೂ ಇಲ್ಲದೆ ಬಂತು. ಅವ್ವನ ಕಿವಿಗೆ ಹಿಡಿದೆ. "ಅವ್ವಾ, ಹೆಂಗಿದ್ದೀ? ಗಂಜಿ ಕುಡದೀ?" ಎಂದಿತು ಫೋನು. "ಕುಡದೇನವ್ವಾ. ನೀ ಯಾವಾಗ ಬರ್ತಿ?" ಎಂದು ಅವ್ವ ಕೇಳಿ, ಉತ್ತರಕ್ಕೆ ಕಾದಳು. ಉತ್ತರ ಎಲ್ಲಿಂದ ಬರಬೇಕು? ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆ ತಿರುಗಿ, "ಆಕಿ ಧ್ವನಿ ಬಂತಲ್ಲೋ, ನನ್ನ ಮಾತಿಗೆ ಉತ್ತರ ಯಾಕ ಕೊಡವಲ್ಲಳು?" ಎಂದಳು.

ಕಚೇರಿಯ ಮಿತ್ರನೊಬ್ಬ ಉಪಾಯ ಹೇಳಿದ. ವಿಪಿಎನ್ ಎಂಬುದೊಂದಿದೆಯಂತೆ, ಅದನ್ನು ಹಾಕಿಕೊಂಡರೆ ಫೋನು ತಾನು ಬೇರೆ ಯಾವುದೋ ದೇಶದಲ್ಲಿರುವುದಾಗಿ ಹೇಳಿಕೊಳ್ಳುತ್ತದಂತೆ. ತಕ್ಷಣ ಭಾವನವರಿಗೆ ತಿಳಿಸಿದೆ. ಅವರು ಒಪ್ಪಲಿಲ್ಲ. ನನಗೆ ತಡೆಯದೆ, "ಭಾವಾ, ನೀವು ಭಾಳ ಅಂಜತೀರಿ" ಎಂದುಬಿಟ್ಟೆ. ಅವರು ಸಿಟ್ಟಾಗಲಿಲ್ಲ. "ನೋಡಪಾ, ನಾವು ಉಣ್ಣೂ ಅನ್ನ ಈ ಊರಿಂದು. ಇಲ್ಲಿ ಕಾಯ್ದೆ ಒಮ್ಮೆ ಓದಿ ನೋಡು" ಎಂದು ಫೋನಿಟ್ಟರು.

ಕಾಯ್ದೆ ಓದುವುದು ನನಗೆ ಹೊಸದಲ್ಲ. ಓದಿದೆ, ಓದಿ ಬೆವರಿದೆ. ವಿಪಿಎನ್ ಇಟ್ಟುಕೊಳ್ಳುವುದೇ ಅಲ್ಲಿ ಅಪರಾಧವಲ್ಲ; ಬ್ಯಾಂಕುಗಳೂ ಕಂಪನಿಗಳೂ ತಮ್ಮ ಒಳಗಿನ ಕೆಲಸಕ್ಕೆ ಅದನ್ನು ಬಳಸುತ್ತವೆ. ಆದರೆ ಅದರ ಮರೆಯಲ್ಲಿ ಕಾನೂನು ಒಪ್ಪದ ಕೆಲಸ ಮಾಡಿದರೆ, ಸಂಯುಕ್ತ ಅರಬ್ ಸಂಸ್ಥಾನಗಳ ೨೦೧೬ರ ತಿದ್ದುಪಡಿಯಂತೆ ೫ ಲಕ್ಷದಿಂದ ೨೦ ಲಕ್ಷ ದಿರ್ಹಮ್‌ವರೆಗೆ ದಂಡ, ಸೆರೆವಾಸವೂ ಆಗಬಹುದು. ೨೦೨೧ರ ಹೊಸ ಕಾಯ್ದೆಯಲ್ಲಿಯೂ ಇದು ಉಳಿದಿದೆ. ಕನಿಷ್ಠ ದಂಡವೇ ನಮ್ಮ ರೂಪಾಯಿಯಲ್ಲಿ ಒಂದು ಕೋಟಿಯ ಮೇಲಾಯಿತು. ಇಷ್ಟನ್ನು ತಲೆಯ ಮೇಲೆ ಹೊತ್ತುಕೋ ಎಂದು ನಾನು ಭಾವನವರಿಗೆ ಹೇಳಿದ್ದೆ, ಹೊರದಿದ್ದುದಕ್ಕೆ ಹೇಡಿಯೆಂದಿದ್ದೆ. ಆ ರಾತ್ರಿಯೇ ಬರೆದು ಕ್ಷಮೆ ಕೇಳಿದೆ.

ಇನ್ನು ಅರ್ಜಿಯ ಮುಖ್ಯ ವಿಷಯಕ್ಕೆ ಬರೋಣ. ಮಾತನ್ನು ತಡೆಯುವುದೇಕೆ? ಗಾಳಿಯಲ್ಲಿ ಜಾಗ ಸಾಲದೆಂದೇ? ಮೊದಲು ನಾನೂ ಹಾಗೆಯೇ ತಿಳಿದಿದ್ದೆ.

ಗಾಳಿಯಲ್ಲಿ ಜಾಗದ ಪ್ರಶ್ನೆ ಇರುವುದು ನಿಜ. ನಾಗಪುರದವರಿಗೆ ಇದನ್ನು ಹೇಳಿಕೊಡಬೇಕಾದುದಿಲ್ಲ. ೧೯೮೮ರಲ್ಲಿ ಆಕಾಶವಾಣಿಯ ರಾಷ್ಟ್ರೀಯ ವಾಹಿನಿ ಆರಂಭವಾದದ್ದು ನಮ್ಮೂರಿನ ೧,೦೦೦ ಕಿಲೋವಾಟ್ ಪ್ರೇಷಕದಿಂದ, ೧೫೬೬ ಕಿಲೋಹರ್ಟ್ಸ್‌ನಲ್ಲಿ. ಆ ವಾಹಿನಿ ಈಗ ನಿಂತುಹೋಗಿದೆ. ಆದರೆ ರಾತ್ರಿ ಊಟವಾದ ಮೇಲೆ ನಮ್ಮ ತಂದೆ ಅದರ ಮುಂದೆ ಕೂರುತ್ತಿದ್ದುದು ನನಗೆ ನೆನಪಿದೆ. ಕತ್ತಲಾದ ಮೇಲೆ ಮಧ್ಯಮ ತರಂಗಗಳು ಮೇಲಿನ ಆಕಾಶಕ್ಕೆ ತಾಕಿ ಹಿಂದಿರುಗುವುದರಿಂದ ಬಹುದೂರ ಕೇಳುತ್ತವೆ. ಅಂದಮೇಲೆ ಒಂದು ದೇಶದ ನಿಲಯ ಇನ್ನೊಂದು ದೇಶದ ನಿಲಯದ ಮೇಲೆ ಬಿದ್ದರೆ ಇಬ್ಬರ ಮಾತೂ ಕೇಳದು. ಆದುದರಿಂದ ೧೯೭೫ರಲ್ಲಿ ಜಿನೀವಾದಲ್ಲಿ ದೇಶಗಳು ಕೂಡಿ ಒಪ್ಪಂದ ಮಾಡಿಕೊಂಡವು. ೧೯೭೮ರ ನವೆಂಬರಿನಿಂದ ಏಷ್ಯಾ, ಯೂರೋಪು, ಆಫ್ರಿಕಗಳಲ್ಲಿ ಈ ನಿಲಯಗಳಿಗೆ ಒಂಬತ್ತು ಒಂಬತ್ತು ಕಿಲೋಹರ್ಟ್ಸ್‌ಗೊಂದು ಸ್ಥಾನ. ಮಕ್ಕಳು ೧೫೬೬ನ್ನು ೯ರಿಂದ ಭಾಗಿಸಿ ನೋಡಲಿ, ಶೇಷ ಉಳಿಯುವುದಿಲ್ಲ.

ಇದು ಬೇಲಿ. ಹೊಲಕ್ಕೆ ಬದು ಇರುವಂತೆ ತರಂಗಕ್ಕೂ ಬೇಕು. ಮೊಬೈಲಿಗೂ ಇದೇ ನ್ಯಾಯ. ಪತ್ರಿಕೆಗಳು ‘ತರಂಗಾಂತರ’ ಎನ್ನುವುದು ಈ ಹೊಲವನ್ನೇ. ನಮ್ಮ ಸುಪ್ರೀಂ ಕೋರ್ಟು ೧೯೯೫ರಲ್ಲಿ, ಕ್ರಿಕೆಟ್ ಪ್ರಸಾರದ ಮೊಕದ್ದಮೆಯೊಂದರಲ್ಲಿ, ವಾಯುತರಂಗಗಳು ಸಾರ್ವಜನಿಕ ಸೊತ್ತು ಎಂದಿತು. ಆ ಸೊತ್ತನ್ನು ಹಂಚಿದ ರೀತಿ ಸರಿಯಿಲ್ಲವೆಂದು ೨೦೧೨ರಲ್ಲಿ ೧೨೨ ಪರವಾನಗಿಗಳನ್ನು ರದ್ದುಮಾಡಿತು. ಕೊಲ್ಲಿಯ ದೇಶಗಳು ಒಂದಕ್ಕೊಂದು ಒತ್ತಿಕೊಂಡಿರುವುದರಿಂದ ಅಲ್ಲಿ ಬದುವಿನ ಲೆಕ್ಕ ಇನ್ನೂ ಬಿಗಿ. ಜಗತ್ತಿನ ತರಂಗಗಳ ಹಂಚಿಕೆಯನ್ನು ಪರಿಶೀಲಿಸುವ ಮಹಾಸಮ್ಮೇಳನ ೨೦೨೩ರ ನವೆಂಬರ್–ಡಿಸೆಂಬರಿನಲ್ಲಿ ನಡೆದದ್ದು ದುಬೈಯಲ್ಲಿಯೇ.

ಆದರೆ ಅಕ್ಕನ ಮಾತನ್ನು ನಿಲ್ಲಿಸಿದ್ದು ಈ ಬೇಲಿಯಲ್ಲ. ಅವಳ ಫೋನಿಗೆ ಅಂತರಜಾಲದ ದಾರಿ ಒಮ್ಮೆ ಸಿಕ್ಕಿತೆಂದರೆ ಪತ್ರ, ಚಿತ್ರ, ಸಿನೆಮಾ, ಮಾತು ಎಲ್ಲವೂ ಸಣ್ಣ ಸಣ್ಣ ಪೊಟ್ಟಣಗಳಾಗಿ ಅದೇ ದಾರಿಯಲ್ಲಿ ಹೋಗುತ್ತವೆ. ಮನೆಯ ಹುಡುಗ ನೋಡುವ ಸಿನೆಮಾಕ್ಕೆ ಬೇಕಾಗುವ ಜಾಗದಲ್ಲಿ ತಾಯಿಮಗಳ ಮಾತಿಗೆ ಬೇಕಾಗುವುದು ಒಂದು ಮೂಲೆ. ಸಿನೆಮಾ ಹೋಗುತ್ತದೆ, ತುಂಬಿ ಕಳಿಸಿದ ಮಾತು ಹೋಗುತ್ತದೆ, ಆಡುವ ಮಾತು ಹೋಗದು. ಇದು ಸುಂಕದ ಕಟ್ಟೆ.

ಅಲ್ಲಿಯ ವ್ಯವಸ್ಥೆ ಹೀಗಿದೆ. ಎತಿಸಲಾತ್ ಎಂಬ ದೂರವಾಣಿ ಸಂಸ್ಥೆ ಆರಂಭವಾದದ್ದು ೧೯೭೬ರಲ್ಲಿ. ಅದರ ಹೆಚ್ಚಿನ ಪಾಲು ಸರ್ಕಾರದ್ದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ೨೦೦೩ರ ಕಾಯ್ದೆಯಿಂದ ಹುಟ್ಟಿತು. ‘ಡು’ ಎಂಬ ಎರಡನೆಯ ಸಂಸ್ಥೆ ಆಮೇಲೆ ಬಂತು. ಅಂತರಜಾಲದ ಮೂಲಕ ಮಾತಿನ ಸೇವೆ ಕೊಡಬೇಕಾದರೆ ಪರವಾನಗಿ ಇರಬೇಕು, ಇಲ್ಲವೇ ಪರವಾನಗಿಯುಳ್ಳವರೊಡನೆ ಒಪ್ಪಂದವಿರಬೇಕು. ವಾಟ್ಸಾಪಿನ ಕರೆಗೆ ಈ ಒಪ್ಪಿಗೆ ಸಿಕ್ಕಿಲ್ಲ. ಈ ದೂರವಾಣಿ ಸಂಸ್ಥೆಗಳು ಸರ್ಕಾರಕ್ಕೆ ರಾಜಧನ ಕೊಡುತ್ತವೆ. ಕರೆಯೆಲ್ಲ ಬಿಟ್ಟಿಯಾದರೆ ಅಷ್ಟರಮಟ್ಟಿಗೆ ಬೊಕ್ಕಸಕ್ಕೆ ತೂತು. ಭಾವನವರ ಮಾತಿನಲ್ಲಿ ಹೇಳಬೇಕೆಂದರೆ, "ಇಲ್ಲಿ ಸಂಬಳದ ಮ್ಯಾಲ ಆದಾಯ ತೆರಿಗಿ ಇಲ್ಲ. ಬ್ಯಾರೆ ಕಡಿಂದ ತೊಗೋತಾರ, ಅಷ್ಟ."

ಹಣದ ಜೊತೆಗೆ ಕಾವಲಿನ ವಿಷಯವೂ ಉಂಟು. ಹಾದುಹೋಗುವ ಸಂದೇಶ ಬೇಕಾದಾಗ ತನ್ನ ಕೈಗೆ ಸಿಗಬೇಕೆಂದು ಸರ್ಕಾರಗಳು ಬಯಸುತ್ತವೆ. ೨೦೧೦ರಲ್ಲಿ ಬ್ಲ್ಯಾಕ್‌ಬೆರಿ ಫೋನಿನ ಸಂದೇಶಗಳ ಬಗ್ಗೆ ಸಂಯುಕ್ತ ಅರಬ್ ಸಂಸ್ಥಾನಗಳು ಆ ಕಂಪನಿಗೆ ಗಡುವು ಕೊಟ್ಟವು. ಅದೇ ವರ್ಷ ಭಾರತ ಸರ್ಕಾರವೂ ಗಡುವು ಕೊಟ್ಟಿತು.

‘ನಮ್ಮ ಸರ್ಕಾರ’ ಎಂದಾಗ ಇನ್ನೊಂದು ಮಾತು ಹೇಳಲೇಬೇಕು. ಇಲ್ಲವಾದರೆ ಅರ್ಜಿಗೆ ಅರ್ಧ ಉತ್ತರ ಕೊಟ್ಟಂತಾದೀತು. ಮರಳುಗಾಡಿನವರನ್ನು ಬೈಯುವ ಮೊದಲು ನಮ್ಮ ಹಳೆಯ ಕಡತ ತೆಗೆದು ನೋಡೋಣ. ವಿದೇಶ ಸಂಚಾರ ನಿಗಮಕ್ಕೆ ಪರದೇಶದ ಕರೆಗಳ ಏಕಸ್ವಾಮ್ಯವಿದ್ದ ಕಾಲದಲ್ಲಿ ಅಂತರಜಾಲದ ಮೂಲಕ ಮಾತಾಡುವುದು ಭಾರತದಲ್ಲಿಯೂ ನಿಷಿದ್ಧವಾಗಿತ್ತು. ನಮ್ಮಲ್ಲಿ ಅದಕ್ಕೆ ಅನುಮತಿ ಬಂದದ್ದು ೨೦೦೨ರ ಏಪ್ರಿಲ್ ೧ರಂದು. ಅದಕ್ಕೆ ಮುಂಚೆ ನಮ್ಮ ತಂದೆ ರಾತ್ರಿ ಹನ್ನೊಂದರ ಮೇಲೆ, ದರ ಇಳಿದಾಗ, ಊರಿಗೆ ಮಾತಾಡಲು ಎಸ್.ಟಿ.ಡಿ. ಬೂತಿನ ಮುಂದೆ ಸಾಲಿನಲ್ಲಿ ನಿಲ್ಲುತ್ತಿದ್ದರು. ನಾನು ಅವರ ಬೆರಳು ಹಿಡಿದು ನಿದ್ದೆ ತೂಗುತ್ತಿದ್ದೆ. ಅವರ ಕಣ್ಣೆಲ್ಲ ಬೂತಿನ ಕೆಂಪು ಅಂಕಿಗಳ ಮೇಲೆ; ಅಂಕಿ ಏರುತ್ತಲೂ ಮಾತು ಓಡುತ್ತಿತ್ತು. ಅಜ್ಜಿಯ ಮಂಡಿನೋವಿನ ವಿಷಯ ಪೂರ್ತಿ ಕೇಳಿದ್ದನ್ನು ನಾನು ಕಾಣೆ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಪ್ರಯೋಜನವಿಲ್ಲವೆಂದು ಗಾದೆ. ಗುಮಾಸ್ತನಾಗಿ ಸುಂಕದವನ ಕಷ್ಟ ನನಗೆ ಗೊತ್ತು. ರಸ್ತೆ ಮಾಡಿದವನು ಕೂಲಿ ಕೇಳಬಾರದೆಂದು ನಾನು ಹೇಳುವುದಿಲ್ಲ. ಅಕ್ಕ ಅಂತರಜಾಲಕ್ಕೆ ತಿಂಗಳು ತಿಂಗಳೂ ಹಣ ಕಟ್ಟುತ್ತಾಳೆ. ಅದು ರಸ್ತೆಯ ಕೂಲಿ. ಅದೇ ರಸ್ತೆಯಲ್ಲಿ ಹೋಗುವ ಗಾಡಿಯನ್ನು ನಿಲ್ಲಿಸಿ, ಒಳಗೆ ತಾಯಿಯ ಮಾತಿದೆಯೇ ಎಂದು ನೋಡಿ, ಇದ್ದರೆ ಮಾತ್ರ ಮತ್ತೆ ಸುಂಕ ಕೇಳುವುದು ನನಗೆ ಸರಿಕಾಣದು. ಈ ಸುಂಕ ಬೀಳುವುದು ಮನೆಯಿಂದ ದೂರವಿರುವವನ ಮೇಲೆ ಮಾತ್ರ. ಮನೆಯವರ ನಡುವೆ ಇರುವವನಿಗೆ ಇದರ ಬಿಸಿ ತಟ್ಟುವುದಿಲ್ಲ.

ಕಟ್ಟೆ ತೆಗೆದರೆ ಬೊಕ್ಕಸ ಬರಿದಾಗುವುದೆಂಬ ಭಯಕ್ಕೂ ಅನುಭವದ ಆಧಾರವಿಲ್ಲ. ನಮ್ಮಲ್ಲಿ ೨೦೦೨ರ ಮೇಲೆ ಫೋನುಗಳು ಹೆಚ್ಚಿದವೇ ಹೊರತು ಕಡಮೆಯಾಗಲಿಲ್ಲ. ಸೌದಿ ಅರೇಬಿಯ ೨೦೧೭ರ ಸೆಪ್ಟೆಂಬರಿನಲ್ಲಿ, ತನ್ನ ನಿಯಮಗಳನ್ನು ಒಪ್ಪುವ ಆಪುಗಳ ಕರೆಗೆ ಇದ್ದ ತಡೆಯನ್ನು ತೆಗೆಯಿತು. ಸಂಯುಕ್ತ ಅರಬ್ ಸಂಸ್ಥಾನಗಳೂ ೨೦೨೦ರ ಕೊರೋನಾ ಕಾಲದಲ್ಲಿ ಪಾಠಕ್ಕೂ ಕೆಲಸಕ್ಕೂ ಕೆಲವು ಆಪುಗಳನ್ನು ಬಿಟ್ಟುಕೊಟ್ಟವು. ಮನಸ್ಸು ಮಾಡಿದರೆ ಕಟ್ಟೆಯ ಗೇಟು ಮೇಲೇಳುತ್ತದೆ.

ಅಲ್ಲಿಯವರೆಗೆ ನಮ್ಮವರು ಏನು ಮಾಡಬೇಕು? ಹಿರಿಯರಿಗೆ ನನ್ನ ಉತ್ತರ ಇಷ್ಟು: ಮಗನಿಗೆ ಕಳ್ಳದಾರಿ ತೋರಿಸಬೇಡಿ. ಇಲ್ಲಿ ಕುಳಿತು ಧೈರ್ಯ ಹೇಳುವವರು ನಾವು, ಅಲ್ಲಿ ದಂಡ ತೆರುವವರು ಅವರು. ಒಪ್ಪಿಗೆ ಪಡೆದ ಆಪುಗಳಿವೆ, ಬೋಟಿಮ್ ಅಂಥದೊಂದು. ಝೂಮ್, ಮೈಕ್ರೋಸಾಫ್ಟ್ ಟೀಮ್ಸ್‌ಗಳೂ ನಡೆಯುತ್ತವೆ. ೨೦೧೮ರಲ್ಲಿ ಇಂಥ ಕರೆಗಳಿಗೆಂದೇ ಅಲ್ಲಿಯ ದೂರವಾಣಿ ಸಂಸ್ಥೆಗಳು ತಿಂಗಳಿಗೆ ೫೦ ದಿರ್ಹಮ್‌ನ ಯೋಜನೆ ತಂದವು. ಈಗಿನ ದರ, ಈಗಿನ ನಿಯಮ ಎರಡನ್ನೂ ಮಗನೇ ಅಲ್ಲಿ ವಿಚಾರಿಸಿಕೊಳ್ಳಲಿ. ಅವನು ಮಾಡುವ ಆಪನ್ನೇ ನೀವೂ ನಿಮ್ಮ ಫೋನಿನಲ್ಲಿ ಹಾಕಿಸಿಕೊಳ್ಳಿ. ಹಾಕಲು ಬಾರದಿದ್ದರೆ ಸಂಘದ ಹುಡುಗರನ್ನು ಕರೆಯಿರಿ. ಊಟಕ್ಕೆ ಬರುವವರು ಇದಕ್ಕೂ ಬರಲಿ.

ನಮ್ಮ ಮನೆಯಲ್ಲಿ ಈಗ ಹಾಗೆಯೇ ನಡೆದಿದೆ. ಭಾನುವಾರ ಬೆಳಿಗ್ಗೆ ಅಕ್ಕನ ಕರೆ ಬರುತ್ತದೆ. ನಮ್ಮ ಹತ್ತೂವರೆ ಅವರ ಒಂಬತ್ತು. ಇಲ್ಲಿ ಸ್ನಾನ ಪೂಜೆ ಮುಗಿದಿರುತ್ತದೆ, ಅಲ್ಲಿ ಚಹಾ. ಆಸ್ಪತ್ರೆಯ ಆ ದಿನಗಳು ಅವ್ವನ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಪರದೆಯ ಮೇಲೆ ಮಗಳ ಮುಖ ಬಂದರೂ ಕೂಡಲೇ ಮಾತಾಡುವುದಿಲ್ಲ. ಕನ್ನಡಕ ಸರಿಮಾಡಿಕೊಂಡು, ಪ್ರತಿ ವಾರವೂ ಮೊದಲು ಒಂದೇ ಪ್ರಶ್ನೆ ಕೇಳುತ್ತಾಳೆ: "ಇದು ತುಂಬಿ ಕಳಿಸಿದ್ದೋ, ಖರೇ ಮಾತೋ?"

"ಖರೇ ಮಾತವ್ವಾ" ಎನ್ನುತ್ತಾಳೆ ಅಕ್ಕ. ಆಮೇಲೆ ಮಂಡಿನೋವಿನ ವಿಷಯ ಪೂರ್ತಿಯಾಗಿ ನಡೆಯುತ್ತದೆ.